ಅಪ್ಪನ ಬೆರಳು ಸತ್ತದ್ದು ಯಾವಾಗ? ತಿಳಿದವರು ಬಿಡಿಸಿ ಹೇಳಿ

ಪೆರ್ಲದಿಂದ | ಭಾನುವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಇಲ್ಲಿ ಲ್ಯಾಬಿನವರು, ಮೆಡಿಕಲ್ ಓದುವವರು, ಸೈನ್ಸ್ ಮಾಷ್ಟ್ರುಗಳು ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಅಪ್ಪನಿಗೆ 67 ವರ್ಷ. ಸಕ್ಕರೆ ಕಾಯಿಲೆ ಶುರುವಾಗಿ 16 ವರ್ಷ ಆಯಿತು. ಆಟಿ ತಿಂಗಳಲ್ಲಿ ಬರಿಗಾಲಲ್ಲಿ ತೋಟಕ್ಕೆ ಹೋದಾಗ ಬಲಗಾಲಿನ ಕಿರುಬೆರಳಿಗೆ ಏನೋ ಚುಚ್ಚಿದೆ. ಅವರಿಗೆ ಗೊತ್ತೇ ಆಗಲಿಲ್ಲ. ಬೆರಳು ಮೊದಲು ಕೆಂಪಾಗಿದೆ, ಆಮೇಲೆ ನೀಲಿಯಾಗಿದೆ. ಅಪ್ಪ ಯಾರಿಗೂ ಹೇಳಲಿಲ್ಲ. ನಾನು ನೋಡುವಾಗ ಇದ್ದಿಲಿನ ಹಾಗೆ ಕಪ್ಪು. ಮಂಗಳೂರಿಗೆ ಕರೆದುಕೊಂಡು ಹೋದೆವು. ಎರಡು ಬೆರಳು ತೆಗೆದರು. ಈಗ ಮನೆಯಲ್ಲಿದ್ದಾರೆ.

ತೆಗೆದ ಭಾಗದ ರಿಪೋರ್ಟ್ ಬಂದಿದೆ. ನೆಕ್ರೋಸಿಸ್, ಗ್ಯಾಂಗ್ರಿನ್ ಎಂದು ಬರೆದಿದ್ದಾರೆ. ಕೊನೆಯಲ್ಲಿ ‘ಮಾರ್ಜಿನ್ ವಯಬಲ್’ ಎಂದಿದೆ. ಕೇಳೋಣ ಎಂದರೆ ಡಾಕ್ಟರ ಬಾಗಿಲಲ್ಲಿ ಐವತ್ತು ಜನ. ಹಾಗೇ ಬಂದೆ. ಆದರೆ ನಿದ್ದೆ ಬರುತ್ತಿಲ್ಲ. ಬೆರಳು ಸತ್ತದ್ದು ಯಾವಾಗ? ಕಪ್ಪಾದ ದಿನವಾ, ಅದಕ್ಕಿಂತ ಮೊದಲಾ? ಒಂದು ವಾರ ಮೊದಲು ನಾನು ನೋಡಿದ್ದರೆ ಉಳಿಯುತ್ತಿತ್ತಾ? ಮನುಷ್ಯ ಬದುಕಿರುವಾಗ ಒಂದು ತುಂಡು ಮಾತ್ರ ಸಾಯುವುದು ಹೇಗೆ?

ಇನ್ನೊಂದು. ಸ್ಕ್ಯಾನಲ್ಲಿ ಫ್ಯಾಟಿ ಲಿವರ್ ಗ್ರೇಡ್ 2 ಎಂದು ಬಂದಿದೆ. ಅಪ್ಪ ಜೀವಮಾನದಲ್ಲಿ ಒಂದು ತೊಟ್ಟು ಕುಡಿದವರಲ್ಲ.


ಕುಂಬಳೆ ಲ್ಯಾಬ್ ಅಕ್ಕ | ಭಾನುವಾರ, ರಾತ್ರಿ 10.25

ತಮ್ಮಾ, ಮೊದಲು ಅಪ್ಪನಿಗೆ ಬೇಗ ಗುಣವಾಗಲಿ. ನಾನು ಡಾಕ್ಟರ್ ಅಲ್ಲ. 19 ವರ್ಷದಿಂದ ಸ್ಲೈಡ್ ಮಾಡುವ ಕೆಲಸ ನನ್ನದು. ನಿಮ್ಮ ಅಪ್ಪನ ಬೆರಳಿನಂಥ ತುಂಡುಗಳು ನನ್ನ ಮೇಜಿಗೆ ಬರುತ್ತವೆ. ಫಾರ್ಮಲಿನ್‌ನಲ್ಲಿ ಇಟ್ಟು, ಮೇಣದಲ್ಲಿ ಕೂರಿಸಿ, 4–5 ಮೈಕ್ರಾನ್ ದಪ್ಪಕ್ಕೆ ಕೊಯ್ಯುತ್ತೇವೆ. ಕೂದಲಿಗಿಂತ ಎಷ್ಟೋ ತೆಳು. ಆಮೇಲೆ ಎರಡು ಬಣ್ಣ. ಒಂದು ನೀಲಿ, ಒಂದು ಗುಲಾಬಿ.

ಬದುಕಿರುವ ಕೋಶದ ನಡುವೆ ಒಂದು ನೀಲಿ ಚುಕ್ಕೆ ಇರುತ್ತದೆ. ಅದು ಕೋಶಕೇಂದ್ರ. ಕೋಶ ಸತ್ತಾಗ, ಅಂದರೆ ನಿಮ್ಮ ರಿಪೋರ್ಟಿನ ನೆಕ್ರೋಸಿಸ್ ಆದಾಗ, ಆ ಚುಕ್ಕೆಯೇ ನಮಗೆ ಸುದ್ದಿ ಹೇಳುವುದು. ಮೊದಲು ಅದು ಮುದುಡಿ ಕಡುನೀಲಿಯಾಗುತ್ತದೆ. ಕೆಲವೊಮ್ಮೆ ಚೂರಾಗುತ್ತದೆ. ಕೊನೆಗೆ ಮಾಸಿ, ಒಂದೆರಡು ದಿನದಲ್ಲಿ ಕಾಣೆಯಾಗುತ್ತದೆ. ಉಳಿಯುವುದು ಬರೀ ಗುಲಾಬಿ ಆಕಾರ. ಮೊಟ್ಟೆ ಬೆಂದಾಗ ಬಿಳಿ ಭಾಗ ಗಟ್ಟಿಯಾಗುತ್ತದಲ್ಲ, ಒಳಗಿನ ಪ್ರೋಟೀನು ಹಾಗೆ ಹೆಪ್ಪುಗಟ್ಟಿರುತ್ತದೆ. ಆಕಾರ ಕೆಲವು ದಿನ ಕೆಡುವುದಿಲ್ಲ. ಕಾಲಿನ ಒಣ ಗ್ಯಾಂಗ್ರಿನ್‌ನಲ್ಲಿ ಇದೇ ಆಗುವುದು. ಮಿದುಳಿನಲ್ಲಿ ಹಾಗಲ್ಲ. ಅಲ್ಲಿ ಸತ್ತ ಭಾಗ ಕರಗಿ ನೀರಾಗುತ್ತದೆ. ಕ್ಷಯ ಬಂದ ಗಂಟಿನಲ್ಲಿ ಪನೀರಿನ ಹಾಗೆ ಬಿಳಿಯಾಗಿ, ಮೆತ್ತಗೆ ಪುಡಿಪುಡಿಯಾಗಿರುತ್ತದೆ. ಸಾವು ಒಂದೇ, ಆದರೆ ಎಲ್ಲಿ ಆಯಿತು, ಯಾಕೆ ಆಯಿತು ಎಂಬುದರ ಮೇಲೆ ರೂಪ ಬೇರೆ.

ಈಗ ನಿಮ್ಮ ಪ್ರಶ್ನೆ. ಕೋಶ ಸತ್ತ ಕೂಡಲೇ ನನ್ನ ಸ್ಲೈಡಿನಲ್ಲಿ ಏನೂ ಕಾಣುವುದಿಲ್ಲ. ಹೃದಯದ ಸ್ನಾಯುವಿಗೆ ರಕ್ತ ನಿಂತರೆ 20ರಿಂದ 40 ನಿಮಿಷದೊಳಗೆ ಕೋಶ ವಾಪಸ್ಸು ಬಾರದ ಗೆರೆ ದಾಟುತ್ತದೆ. ಆದರೆ ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ಆ ಸಾವು ಕಾಣಲು 4ರಿಂದ 12 ಗಂಟೆ ಬೇಕು. ಬರಿಗಣ್ಣಿಗೆ ಕಾಣಲು ಇನ್ನೂ ಹೊತ್ತು. ಹಾಗಾಗಿ ಕಪ್ಪು ಬಣ್ಣ ಸಾವಿನ ದಿನವಲ್ಲ. ಸತ್ತು ಒಣಗಿ, ರಕ್ತದ ಕೆಂಪು ವಸ್ತು ಒಡೆದು, ಅದರ ಕಬ್ಬಿಣ ಬಣ್ಣ ಬದಲಿಸಿದ ಮೇಲೆ ಬರುವ ಕಪ್ಪು ಅದು. ನೀವು ನೋಡುವಾಗ ಆ ಬೆರಳು ಸತ್ತು ದಿನಗಳೇ ಆಗಿದ್ದಿರಬಹುದು.


ಮಂಜೇಶ್ವರದ ಮೆಡಿಕಲ್ ವಿದ್ಯಾರ್ಥಿನಿ | ಸೋಮವಾರ, ಬೆಳಿಗ್ಗೆ 6.50

ಅಕ್ಕ ಹೇಳಿದ ‘ಗೆರೆ’ಯ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಪೆಥಾಲಜಿಯಲ್ಲಿ ನನಗೆ ತುಂಬಾ ಇಷ್ಟವಾದ ಪಾಠ ಇದು.

ಬಾವಿ ತೋಡುವುದನ್ನು ನೋಡಿದ್ದೀರಿ ಅಲ್ವಾ? ಒರತೆ ಬಂದ ಮೇಲೆ ಪಂಪ್ ಇಟ್ಟು ನೀರು ಹೊರಗೆ ಎತ್ತುತ್ತಲೇ ಇರಬೇಕು. ಪಂಪ್ ನಿಂತರೆ ಹೊಂಡ ತುಂಬುತ್ತದೆ. ನಮ್ಮ ಪ್ರತಿ ಕೋಶವೂ ಹಾಗೆಯೇ. ಅದರ ಪೊರೆಯಲ್ಲಿ ಪಂಪುಗಳಿವೆ. ಒಂದು ಸುತ್ತಿಗೆ 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ. ಪಂಪಿಗೆ ಇಂಧನ ಎಟಿಪಿ. ಎಟಿಪಿಯ ಹೆಚ್ಚಿನ ಪಾಲು ಆಗುವುದು ಕೋಶದೊಳಗಿನ ಸಣ್ಣ ವಿದ್ಯುತ್ ಮನೆಯಂಥ ಮೈಟೊಕಾಂಡ್ರಿಯದಲ್ಲಿ, ಅದಕ್ಕೆ ಆಮ್ಲಜನಕ ಬೇಕು. ರಕ್ತ ನಿಂತರೆ ಆಮ್ಲಜನಕ ಇಲ್ಲ, ಇಂಧನ ಇಲ್ಲ, ಪಂಪ್ ಇಲ್ಲ. ಸೋಡಿಯಂ ಒಳಗೇ ಉಳಿಯುತ್ತದೆ, ಅದರ ಹಿಂದೆ ನೀರು ನುಗ್ಗುತ್ತದೆ. ಕೋಶ ಊದುತ್ತದೆ. ಪೊರೆಯಲ್ಲಿ ಗುಳ್ಳೆ ಏಳುತ್ತವೆ.

ಇಲ್ಲಿಯವರೆಗೂ ಕೋಶ ಸತ್ತಿಲ್ಲ! ನನಗೆ ಆಶ್ಚರ್ಯ ಆಗುವುದು ಇದೇ. ಈ ಹಂತದಲ್ಲಿ ರಕ್ತ ವಾಪಸ್ಸು ಬಂದರೆ ಪಂಪ್ ಶುರುವಾಗುತ್ತದೆ, ನೀರು ಹೊರಗೆ ಹೋಗುತ್ತದೆ, ಕೋಶ ಮೊದಲಿನ ಹಾಗೆ ಆಗುತ್ತದೆ. ಒಂದು ಗುರುತೂ ಉಳಿಯುವುದಿಲ್ಲ.

ಗೆರೆ ದಾಟಿದ್ದಕ್ಕೆ ಎರಡು ಗುರುತು. ಒಂದು, ಮೈಟೊಕಾಂಡ್ರಿಯ ಮತ್ತೆ ಚೇತರಿಸುವುದಿಲ್ಲ. ಎರಡು, ಪೊರೆ ಹರಿಯುತ್ತದೆ. ಕೋಶದ ಒಳಗಿಗಿಂತ ಹೊರಗೆ ಕ್ಯಾಲ್ಸಿಯಂ ಸುಮಾರು 10,000 ಪಟ್ಟು ಜಾಸ್ತಿ. ಪೊರೆ ಹರಿದಾಗ ಅದು ಒಮ್ಮೆಲೇ ಒಳಗೆ ಬರುತ್ತದೆ. ಒಳಗಿದ್ದ ಎನ್‌ಜೈಮುಗಳು ಎದ್ದು ಕೋಶವನ್ನೇ ತಿನ್ನುತ್ತವೆ. ಒಳಗಿನ ಸಾಮಾನು ಹೊರಗೆ ಸೋರಿ ರಕ್ತಕ್ಕೆ ಸೇರುತ್ತದೆ. ಎದೆನೋವು ಬಂದವರಿಗೆ ಟ್ರೋಪೊನಿನ್ ಎಂಬ ಹೃದಯ ಸ್ನಾಯುವಿನ ಪ್ರೋಟೀನಿನ ಪರೀಕ್ಷೆ ಮಾಡುವುದು, ಲಿವರಿಗೆ ಎಎಲ್‌ಟಿ, ಎಎಸ್‌ಟಿ ಎಂಬ ಎನ್‌ಜೈಮು ನೋಡುವುದು ಇದಕ್ಕೇ. ಆ ಸಂಖ್ಯೆ ಏರಿದೆ ಎಂದರೆ ಎಲ್ಲೋ ಕೋಶಗಳು ಸೋರುತ್ತಿವೆ.

ಗೆರೆ ಎಲ್ಲರಿಗೂ ಒಂದೇ ಕಡೆ ಇಲ್ಲ. ಮಿದುಳಿನ ನರಕೋಶಕ್ಕೆ 3ರಿಂದ 5 ನಿಮಿಷ. ಹೃದಯದ್ದು ಅಕ್ಕ ಹೇಳಿದರು. ಕೈಕಾಲಿನ ಸ್ನಾಯು ಗಂಟೆಗಟ್ಟಲೆ ತಾಳುತ್ತದೆ. ಗಾಯ ಮುಚ್ಚುವ ನಾರಿನ ಕೋಶಗಳು ಅದಕ್ಕಿಂತಲೂ ಹೆಚ್ಚು.


ಉಪ್ಪಳದಿಂದ | ಸೋಮವಾರ, ಬೆಳಿಗ್ಗೆ 8.15

ಹೃದಯಕ್ಕೆ 20ರಿಂದ 40 ನಿಮಿಷ ಎಂದು ಓದಿ ಮೈ ಜುಮ್ಮೆಂದಿತು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. 2020ರ ಮಾರ್ಚಿನಲ್ಲಿ ಕೊರೊನಾ ಎಂದು ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದ ದಿನಗಳು ನೆನಪಾದವು. ಆಗ ನಿಮಿಷದ ಲೆಕ್ಕ ಏನು ಎಂದು ನಮ್ಮ ಕಡೆಯವರಿಗೆಲ್ಲ ಗೊತ್ತಾಗಿತ್ತು.


ಪೆರ್ಲದಿಂದ | ಸೋಮವಾರ, ಮಧ್ಯಾಹ್ನ 1.30

ಅಕ್ಕ, ತಂಗಿ, ಇಬ್ಬರಿಗೂ ಧನ್ಯವಾದ. ಎರಡೆರಡು ಸಲ ಓದಿದೆ. ಒಂದು ಅರ್ಥ ಆಗಲಿಲ್ಲ. ಇಷ್ಟೆಲ್ಲ ಒಳಗೆ ಆಗುವಾಗ ನೋವು ಯಾಕೆ ಆಗಲಿಲ್ಲ? ಅಪ್ಪ ಆ ಕಾಲಿನಲ್ಲೇ ಅಂಗಳಕ್ಕೆ ಅಡಿಕೆ ಹೊತ್ತಿದ್ದಾರೆ.


ಮಂಜೇಶ್ವರದ ಮೆಡಿಕಲ್ ವಿದ್ಯಾರ್ಥಿನಿ | ಸೋಮವಾರ, ಸಂಜೆ 5.10

ಅಣ್ಣ, ನೋವು ಹೇಳುವ ನರಗಳಿಗೇ ಮೊದಲು ಪೆಟ್ಟು ಬಿದ್ದಿರುತ್ತದೆ. ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ದರೆ ಉದ್ದದ ನರಗಳು ತುದಿಯಿಂದ ಹಾಳಾಗುತ್ತಾ ಬರುತ್ತವೆ. ಅದಕ್ಕೇ ಶುರು ಕಾಲ್ಬೆರಳಲ್ಲಿ. ಜೊತೆಗೆ ಕಾಲಿನ ರಕ್ತನಾಳದಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾಗುತ್ತದೆ. ಅದರ ಮೇಲೆ ಗಾಯ, ಗಾಯಕ್ಕೆ ಸೋಂಕು. ಮೂರೂ ಸೇರಿದವು. ಕಿರಿದಾದ ನಾಳದಲ್ಲಿ ಬರುವ ರಕ್ತ ಸುಮ್ಮನಿರುವ ಬೆರಳಿಗೆ ಹೇಗೋ ಸಾಕು. ಗಾಯ ಮಾಯುವುದಕ್ಕೆ ಅದರ ಎಷ್ಟೋ ಪಟ್ಟು ಬೇಕು. ಅಷ್ಟು ಇರಲಿಲ್ಲ.

ಒಂದು ವಾರ ಮೊದಲು ನೋಡಿದ್ದರೆ ಎಂದು ಕೇಳಿದ್ದೀರಿ. ಯಾವ ಗಂಟೆಗೆ ಯಾವ ಕೋಶ ಹೋಯಿತು ಎಂದು ಯಾರೂ ಹೇಳಲಾರರು. ನೀಲಿಯಾದಾಗಲೇ ಆಸ್ಪತ್ರೆಗೆ ಹೋಗಿದ್ದರೆ ಒಂದು ಬೆರಳಾದರೂ ಉಳಿಯುವ ಸಾಧ್ಯತೆ ಹೆಚ್ಚಿತ್ತು. ಇದನ್ನು ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ಅಪ್ಪನಿಗೆ ಇನ್ನೊಂದು ಕಾಲು ಉಂಟು, ಅದರ ನರಗಳೂ ಇಷ್ಟೇ ಹಳೆಯವು. ಆ ಕಾಲಿನ ಅಡಿಯನ್ನು, ಬೆರಳ ಸಂದಿಯನ್ನು ದಿನಾ ರಾತ್ರಿ ಟಾರ್ಚ್ ಹಾಕಿ ನೀವು ನೋಡಿ. ಅವರಿಗೆ ನೋವಾಗುವವರೆಗೆ ಕಾಯಬೇಡಿ, ಯಾಕೆಂದರೆ ನೋವು ಬಾರದೆಯೂ ಇರಬಹುದು. ಡಾಕ್ಟರರ ಹತ್ತಿರ ಹೋದಾಗ ನೈಲಾನ್ ಎಳೆ ಒತ್ತಿ ಸ್ಪರ್ಶ ನೋಡುವ ಪರೀಕ್ಷೆ ಮಾಡಿಸಿ. ಐದು ನಿಮಿಷವೂ ಬೇಡ.


ನಿವೃತ್ತ ಮಾಷ್ಟ್ರು, ಬದಿಯಡ್ಕ | ಸೋಮವಾರ, ರಾತ್ರಿ 8.30

ಮಕ್ಕಳೇ, ಚೆನ್ನಾಗಿ ಹೇಳುತ್ತಿದ್ದೀರಿ. ಕನ್ನಡ ಮಾಧ್ಯಮದಲ್ಲಿ 30 ವರ್ಷ ಜೀವಶಾಸ್ತ್ರ ಕಲಿಸಿದವನು ನಾನು. ಇಲ್ಲಿ ಒಂದು ಮಾತು ಬಿಟ್ಟುಹೋಗಬಾರದು. ಕೋಶದ ಸಾವೆಲ್ಲ ಕೆಟ್ಟದ್ದಲ್ಲ.

ಅಡಿಕೆ ಮರದಿಂದ ಹಾಳೆ ಬೀಳುವುದನ್ನು ನೆನಪು ಮಾಡಿಕೊಳ್ಳಿ. ಯಾರೂ ಕೀಳಬೇಕಾಗಿಲ್ಲ. ಸೋಗೆ ಹಳದಿಯಾಗುತ್ತದೆ, ಬುಡದಲ್ಲಿ ಮರವೇ ಬಿಡಿಸಿಕೊಳ್ಳುತ್ತದೆ, ಒಂದು ದಿನ ಧೊಪ್ಪೆಂದು ಬೀಳುತ್ತದೆ. ಮರದಲ್ಲಿ ಗಾಯ ಇಲ್ಲ, ರಸ ಸೋರುವುದಿಲ್ಲ, ಒಂದು ಚೊಕ್ಕ ಉಂಗುರದ ಗುರುತು ಮಾತ್ರ. ಅದೇ ಗಾಳಿಗೆ ಹಸಿ ಸೋಗೆ ಸೀಳಿ ಬಿದ್ದರೆ ಹೇಗಿರುತ್ತದೆ? ನಿಮ್ಮ ಅಪ್ಪನ ಬೆರಳಿನದು ಈ ಎರಡನೆಯದು. ಅದಕ್ಕೆ ನೆಕ್ರೋಸಿಸ್. ಮೊದಲನೆಯದಕ್ಕೆ ಅಪೊಪ್ಟೋಸಿಸ್.

ಅಪೊಪ್ಟೋಸಿಸ್ ಎಂಬ ಹೆಸರಿಗೂ ಹಾಳೆಗೂ ನಿಜವಾಗಿಯೇ ಸಂಬಂಧ ಉಂಟು. 1972ರಲ್ಲಿ ಜಾನ್ ಕೆರ್, ಆಂಡ್ರೂ ವಿಲ್ಲಿ, ಅಲಸ್ಟೇರ್ ಕ್ಯೂರಿ ಎಂಬ ಮೂವರು ಇಂಥ ಸಾವನ್ನು ವಿವರಿಸಿ ಪ್ರಬಂಧ ಬರೆದರು. ಹೆಸರು ಬೇಕಾದಾಗ ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ಗ್ರೀಕ್ ಪ್ರಾಧ್ಯಾಪಕರನ್ನು ಕೇಳಿದರು. ಅವರು ಕೊಟ್ಟ ಶಬ್ದದ ಅರ್ಥ, ಮರದಿಂದ ಎಲೆ ಉದುರುವುದು. ನಾನು ಇದನ್ನು ತರಗತಿಯಲ್ಲಿ ಹೇಳುವಾಗ ಹೊರಗಿನಿಂದ ಒಂದು ಹಾಳೆ ತಂದು ಮೇಜಿನ ಮೇಲೆ ಇಡುತ್ತಿದ್ದೆ.

ತಾಯಿಯ ಹೊಟ್ಟೆಯಲ್ಲಿ ಮಗುವಿನ ಕೈ ಮೊದಲು ಬಾತುಕೋಳಿಯ ಪಾದದ ಹಾಗೆ ಇರುತ್ತದೆ. ಸಂದಿಯ ಕೋಶಗಳು ಸಾಯುತ್ತವೆ, ಬೆರಳು ಬಿಡಿಬಿಡಿಯಾಗುತ್ತದೆ. ಗೊದಮೊಟ್ಟೆ ಕಪ್ಪೆಯಾಗುವಾಗ ಬಾಲ ಹೋಗುವುದೂ ಹೀಗೆಯೇ. ಒಂದು ಮಿಲಿಮೀಟರ್ ಉದ್ದದ ಒಂದು ಹುಳದಲ್ಲಿ ಇದನ್ನು ಎಣಿಸಿದ್ದಾರೆ. ಬೆಳೆಯುವಾಗ 1090 ಕೋಶ ಹುಟ್ಟುತ್ತವೆ, ಅದರಲ್ಲಿ 131 ಸಾಯುತ್ತವೆ. ಪ್ರತಿ ಹುಳದಲ್ಲೂ ಅದೇ 131! ಯಾವುದು ಸಾಯಬೇಕು ಎಂಬ ಸೂಚನೆ ಜೀನ್‌ನಲ್ಲೇ ಇದೆ ಎಂದು ಇದರಿಂದ ಗೊತ್ತಾಯಿತು. ಬ್ರೆನ್ನರ್, ಹಾರ್ವಿಟ್ಜ್, ಸಲ್‌ಸ್ಟನ್ ಅವರಿಗೆ 2002ರಲ್ಲಿ ನೊಬೆಲ್ ಬಂತು.

ಈ ಸಾವಿನಲ್ಲಿ ಪೊರೆ ಹರಿಯುವುದಿಲ್ಲ. ಕೋಶ ಮುದುಡಿ, ಸಣ್ಣ ಪೊಟ್ಟಣಗಳಾಗಿ ಒಡೆಯುತ್ತದೆ. ಪಕ್ಕದ ಕೋಶಗಳು ಅದನ್ನು ನುಂಗುತ್ತವೆ. ಕೀವಿಲ್ಲ, ಊತವಿಲ್ಲ.


ಮುಳ್ಳೇರಿಯದಿಂದ | ಸೋಮವಾರ, ರಾತ್ರಿ 9.55

ಬೆರಳಿನ ಸುದ್ದಿ ಬಂದ ಕಾರಣ ಒಂದು ಕೇಳುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ನೆರೆಮನೆಯವರ ಬೆರಳು ಹುಲ್ಲು ಕೊಯ್ಯುವ ಮೆಷಿನಿಗೆ ಸಿಕ್ಕಿ ತುಂಡಾಯಿತು. ನಾವು ತುಂಡನ್ನು ಐಸಿನೊಳಗೆ ಹಾಕಿ ಓಡಿದೆವು. ಎರಡೂವರೆ ಗಂಟೆಯಲ್ಲಿ ಮುಟ್ಟಿದ್ದೇವೆ. ಆದರೂ ಜೋಡಿಸಲು ಆಗುವುದಿಲ್ಲ ಎಂದರು. ಯಾಕೆ ಎಂದು ಇವತ್ತಿಗೂ ಮನಸ್ಸಲ್ಲಿ ಉಂಟು.


ಕುಂಬಳೆ ಲ್ಯಾಬ್ ಅಕ್ಕ | ಸೋಮವಾರ, ರಾತ್ರಿ 10.30

ಐಸಿಗೆ ನೇರ ಹಾಕಿದ್ದು ಒಂದು ಕಾರಣ ಇದ್ದಿರಬಹುದು ಅಣ್ಣ. ತಂಪು ಒಳ್ಳೆಯದು. ತಂಪಿನಲ್ಲಿ ಕೋಶದ ಖರ್ಚು ಕಡಿಮೆ, ಇಂಧನ ಹೆಚ್ಚು ಹೊತ್ತು ಬರುತ್ತದೆ. ಬೆರಳಿನಲ್ಲಿ ಸ್ನಾಯು ಹೆಚ್ಚಿಲ್ಲದ ಕಾರಣ ಹೊರಗಿನ ಬಿಸಿಯಲ್ಲಿ ಸುಮಾರು 12 ಗಂಟೆ, ತಂಪಿನಲ್ಲಿ 24 ಗಂಟೆಯವರೆಗೂ ಜೋಡಿಸಲು ನೋಡುತ್ತಾರೆ. ಆದರೆ ಐಸ್ ತಾಗಿದರೆ ಕೋಶದ ನೀರು ಹರಳುಗಟ್ಟುತ್ತದೆ, ಹರಳು ಪೊರೆಯನ್ನು ಹರಿಯುತ್ತದೆ. ತುಂಡನ್ನು ಶುದ್ಧ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ಬಾಯಿ ಕಟ್ಟಿ, ಆ ತೊಟ್ಟೆಯನ್ನು ಐಸ್ ನೀರಿನಲ್ಲಿ ಇಡಬೇಕು. ಜಜ್ಜಿದ ಬೆರಳನ್ನು ಹೇಗೆ ತಂದರೂ ಕಷ್ಟ. ಮೆಷಿನಿನದ್ದು ಹೆಚ್ಚಾಗಿ ಜಜ್ಜಿರುತ್ತದೆ. ನೀವು ಓಡಿದ್ದು ತಪ್ಪಾಗಲಿಲ್ಲ.

ಈಗ ಪೆರ್ಲದ ತಮ್ಮನ ಫ್ಯಾಟಿ ಲಿವರ್. ಇದು ಸಾವಲ್ಲ, ಶೇಖರಣೆ. ಕೋಶಕ್ಕೆ ಬರುವುದು ಜಾಸ್ತಿ, ಹೋಗುವುದು ಕಡಿಮೆ ಆದಾಗ ಒಳಗೆ ದಾಸ್ತಾನು ಬೀಳುತ್ತದೆ. ಲಿವರಿನ ಕೋಶದೊಳಗೆ ಕೊಬ್ಬಿನ ಹನಿಗಳು ಸೇರಿ ಸೇರಿ ಒಂದೇ ದೊಡ್ಡ ಹನಿಯಾಗುತ್ತದೆ. ಕೋಶಕೇಂದ್ರ ಒಂದು ಮೂಲೆಗೆ ಹೋಗಿ ಅಂಟಿಕೊಳ್ಳುತ್ತದೆ. ಸ್ಲೈಡ್ ಮಾಡುವಾಗ ಕೊಬ್ಬು ಕರಗಿ ಹೋಗುವ ಕಾರಣ ನಮಗೆ ಕಾಣುವುದು ಬಿಳಿ ಬಿಳಿ ತೂತು. ನೀರು ದೋಸೆಯ ಹಾಗೆ. ಕುಡಿತ ಇದಕ್ಕೆ ಒಂದು ಕಾರಣ ಮಾತ್ರ. ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು ಇದ್ದವರಲ್ಲಿ ಕುಡಿಯದೆಯೂ ಬರುತ್ತದೆ. ಇನ್ಸುಲಿನ್ ಮಾತು ಕೋಶಗಳು ಕೇಳದಿದ್ದಾಗ ಬೊಜ್ಜಿನ ಕೊಬ್ಬು ಬಿಟ್ಟು ಬಂದು ಲಿವರಿಗೆ ಸೇರುತ್ತದೆ, ಮಿಕ್ಕ ಸಕ್ಕರೆಯನ್ನೂ ಲಿವರ್ ಕೊಬ್ಬಾಗಿ ಮಾಡುತ್ತದೆ. ಅಪ್ಪ ಕುಡಿಯುವವರಲ್ಲ ಎಂದು ನೀವು ಯಾರಿಗೂ ಸಾಬೀತು ಮಾಡಬೇಕಾಗಿಲ್ಲ.

ಸಮಾಧಾನದ ಮಾತು ಎಂದರೆ ಇದು ಗೆರೆಯ ಈಚೆಗೇ ಇದೆ. ತೂಕ ಜಾಸ್ತಿ ಇರುವವರು ಶೇಕಡಾ 7ರಿಂದ 10 ಇಳಿಸಿದರೆ ಕೊಬ್ಬೂ ಇಳಿಯುತ್ತದೆ, ಉರಿಯೂತವೂ ಇಳಿಯುತ್ತದೆ. ಬಿಟ್ಟರೆ ಕೆಲವರಲ್ಲಿ ಕೋಶ ಸಾಯಲು ಶುರುವಾಗಿ, ಆ ಜಾಗಕ್ಕೆ ನಾರು ಬಂದು, ಸಿರೋಸಿಸ್ ಆಗುತ್ತದೆ. ಆ ನಾರು ಸುಲಭಕ್ಕೆ ಹೋಗುವುದಿಲ್ಲ.

ಕೋಶದೊಳಗೆ ಸೇರಿದ್ದೆಲ್ಲ ಕೆಡುಕು ಮಾಡುತ್ತದೆ ಎಂದೇನಿಲ್ಲ. ವಯಸ್ಸಾದವರ ಹೃದಯದಲ್ಲಿ ಕಂದು ಪುಡಿ ಕಾಣುತ್ತದೆ. ಲಿಪೊಫಸಿನ್ ಎನ್ನುತ್ತಾರೆ. ಕೋಶ ತನ್ನ ಹಳೆ ಸಾಮಾನನ್ನು ಜೀರ್ಣ ಮಾಡಿ ಉಳಿದ ಗಸಿ ಅದು. ತನ್ನನ್ನೇ ತಿಂದು ಚೊಕ್ಕ ಮಾಡುವ ಈ ಕೆಲಸ ಹೇಗೆ ನಡೆಯುತ್ತದೆ ಎಂದು ಕಂಡುಹಿಡಿದದ್ದಕ್ಕೇ ಜಪಾನಿನ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂದದ್ದು. ನನ್ನ ಅಜ್ಜಿಯ ಕೈಯಲ್ಲಿ ಹಚ್ಚೆ ಇತ್ತು. 70 ವರ್ಷ ಅಳಿಸಲಿಲ್ಲ. ಚರ್ಮದ ಕಸ ತಿನ್ನುವ ಕೋಶಗಳು ಆ ಮಸಿಯನ್ನು ನುಂಗಿ ಕೂತಿರುತ್ತವೆ. ಒಂದು ಸತ್ತು ಮಸಿ ಬಿಟ್ಟರೆ ಇನ್ನೊಂದು ಬಂದು ನುಂಗುತ್ತದೆ ಎಂದು 2018ರಲ್ಲಿ ಇಲಿಗಳಲ್ಲಿ ತೋರಿಸಿದ್ದಾರೆ. ಅಜ್ಜಿ ತೀರಿಕೊಂಡ ಮೇಲೆ ಇದನ್ನು ಓದಿದೆ. ಅವರಿಗೆ ಹೇಳಬೇಕಿತ್ತು ಅನ್ನಿಸಿತು.


ಮುಳ್ಳೇರಿಯದಿಂದ | ಮಂಗಳವಾರ, ಬೆಳಿಗ್ಗೆ 7.05

ಅಕ್ಕ, ಮನಸ್ಸು ಹಗುರಾಯಿತು. ಇನ್ನೊಂದು ನನ್ನದೇ ವಿಷಯ. ನಾನು ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವವ, 22 ವರ್ಷ ಆಯಿತು. ಮೈಲುತುತ್ತು ಮೈಮೇಲೆ ಬೀಳದ ದಿನ ಇಲ್ಲ. ಬಾಯಲ್ಲಿ ಯಾವಾಗಲೂ ಎಲೆ ಅಡಿಕೆ ಹೊಗೆಸೊಪ್ಪು. ಈಗ ಒಂದು ವರ್ಷದಿಂದ ಬಾಯಿ ಪೂರ್ತಿ ತೆರೆಯುವುದಿಲ್ಲ, ಖಾರ ತಿಂದರೆ ಉರಿ. ಇದು ಮೈಲುತುತ್ತಿನದ್ದಾ?


ಮಂಜೇಶ್ವರದ ಮೆಡಿಕಲ್ ವಿದ್ಯಾರ್ಥಿನಿ | ಮಂಗಳವಾರ, ಬೆಳಿಗ್ಗೆ 7.40

ಅಣ್ಣ, ದಯವಿಟ್ಟು ಈ ವಾರವೇ ಹಲ್ಲಿನ ಡಾಕ್ಟರಿಗೆ ತೋರಿಸಿ. ಕನ್ನಡಿ ಎದುರು ನಿಂತು ಮೂರು ಬೆರಳು ಒಂದರ ಮೇಲೆ ಒಂದಿಟ್ಟು ಬಾಯಿಗೆ ಹೋಗುತ್ತದಾ ನೋಡಿ. ಹೋಗದಿದ್ದರೆ ತಡಮಾಡಬೇಡಿ.

ನೀವು ಹೇಳಿದ ಲಕ್ಷಣ ಹೆಚ್ಚಾಗಿ ಅಡಿಕೆ ಜಗಿಯುವವರಲ್ಲಿ ಬರುವುದು. ಅಡಿಕೆಯ ಅರೆಕೋಲಿನ್ ಬಾಯಿಯ ನಾರು ನೇಯುವ ಕೋಶಗಳಿಗೆ ಚುರುಕು ಕೊಡುತ್ತದೆ. ನಾರು ಆಗುವುದು ಹೆಚ್ಚು, ಕರಗುವುದು ಕಡಿಮೆ. ಕೆನ್ನೆಯ ಒಳಗೆ ಹಗ್ಗದ ಹಾಗೆ ಗಟ್ಟಿಯಾಗುತ್ತದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಹೆಸರು. ಜಗಿಯುವುದು ಬಿಟ್ಟರೆ ಮುಂದಕ್ಕೆ ಹೋಗುವುದು ನಿಧಾನವಾಗುತ್ತದೆ, ಆದರೆ ಬಂದ ನಾರು ಪೂರ್ತಿ ಹೋಗುವುದು ಕಷ್ಟ. ಇಂಥ ಬಾಯಿಯಲ್ಲಿ ಕ್ಯಾನ್ಸರ್ ಬರುವ ಅಪಾಯ ಜಾಸ್ತಿ. ಸಾಯಬೇಕಾದ ಕೋಶ ಮಾಷ್ಟ್ರು ಹೇಳಿದ ಹಾಳೆಯ ಹಾಗೆ ಬೀಳದೆ ಉಳಿದು ಬೆಳೆಯುವುದೇ ಕ್ಯಾನ್ಸರ್. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ.

ಮೈಲುತುತ್ತನ್ನು ಹಗುರ ಮಾಡುತ್ತಿಲ್ಲ. ಪೋರ್ಚುಗಲ್ಲಿನ ದ್ರಾಕ್ಷಿ ತೋಟಗಳಲ್ಲಿ ಮೈಲುತುತ್ತು, ಸುಣ್ಣ ಸೇರಿಸಿದ ಇದೇ ಬೋರ್ಡೋ ದ್ರಾವಣ ಸಿಂಪಡಿಸುತ್ತಿದ್ದವರ ಶ್ವಾಸಕೋಶದಲ್ಲಿ ತಾಮ್ರ ಸೇರಿ ಗಂಟು ಗಂಟಾದದ್ದು 1969ರಲ್ಲೇ ವರದಿಯಾಗಿದೆ. ಮೂಗು ಬಾಯಿಗೆ ಮಾಸ್ಕ್ ಹಾಕದೆ ಮರ ಹತ್ತಬೇಡಿ.


ನೀರ್ಚಾಲಿನಿಂದ | ಮಂಗಳವಾರ, ಬೆಳಿಗ್ಗೆ 9.20

ನಮ್ಮ ಊರಿನ ಅನ್ನವೇ ಅಡಿಕೆ. ಮದುವೆಯಿಂದ ಹಿಡಿದು ಸತ್ತವರ ಬೊಜ್ಜದವರೆಗೆ ವೀಳ್ಯ ಇಲ್ಲದೆ ಯಾವುದೂ ಇಲ್ಲ. ನಮ್ಮವರೇ ಹೀಗೆ ಬರೆದರೆ ಬೆಲೆ ಏನಾಗಬೇಕು? ನನ್ನ ಅಜ್ಜ 88 ವರ್ಷ ಎಲೆ ಹಾಕಿಯೇ ಬದುಕಿದವರು.


ಮಂಜೇಶ್ವರದ ಮೆಡಿಕಲ್ ವಿದ್ಯಾರ್ಥಿನಿ | ಮಂಗಳವಾರ, ಮಧ್ಯಾಹ್ನ 1.15

ಮಾವ, ನನ್ನ ಕಾಲೇಜು ಫೀಸು ಕಟ್ಟಿದ್ದೂ ನಮ್ಮ ತೋಟದ ಅಡಿಕೆಯೇ. ಬರೆಯುವಾಗ ನನಗೂ ಕಷ್ಟ ಆಯಿತು. ಆದರೆ ಮುಳ್ಳೇರಿಯದ ಅಣ್ಣನ ಬಾಯಿ ತೆರೆಯುತ್ತಿಲ್ಲ. ಅವರ ಹತ್ತಿರ ನಾನು ಸುಳ್ಳು ಹೇಳಲಾರೆ. ವೀಳ್ಯದ ಗೌರವ ಬೇರೆ, ದಿನಕ್ಕೆ ಹತ್ತು ಸಲ ಜಗಿಯುವುದು ಬೇರೆ.


ಎಣ್ಮಕಜೆಯಿಂದ | ಮಂಗಳವಾರ, ರಾತ್ರಿ 8.05

ಇಷ್ಟು ದಿನ ಓದುತ್ತಾ ಇದ್ದೆ. ಕೋಶಕ್ಕೆ ಪೆಟ್ಟು, ವಿಷ ಸೇರುವುದು ಎಂದ ಮೇಲೆ ನಮ್ಮ ಊರಿನ ಮಾತು ಬರದಿದ್ದರೆ ಹೇಗೆ? ಗೇರು ತೋಟದ ಟೀ ಸೊಳ್ಳೆ ಎಂಬ ಕೀಟಕ್ಕೆಂದು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಟ್ಟರು. ನಾನು ಸಣ್ಣವನಿರುವಾಗ ನೋಡಲು ಓಡುತ್ತಿದ್ದೆವು. ತೆರೆದ ಬಾವಿ, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಕುಡಿಯುವ ಊರು ನಮ್ಮದು. 2001ರಲ್ಲಿ ಇಲ್ಲಿನ ಪಡ್ರೆ ಗ್ರಾಮದ ನೀರು, ಮಣ್ಣು, ಜನರ ರಕ್ತದ ಮಾದರಿ ಪರೀಕ್ಷೆಗೆ ಹೋದವು, ವಿಷ ಸಿಕ್ಕಿತು. ಸುಪ್ರೀಂ ಕೋರ್ಟ್ 2011ರಲ್ಲಿ ದೇಶಕ್ಕೇ ನಿಷೇಧ ಹಾಕಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಲು ಹೇಳಿತು.

ನನ್ನ ಅಕ್ಕನ ಮಗನಿಗೆ ಈಗ 29. ಅವನಿಗೆ ಅಪಸ್ಮಾರ. ಮಾತು ಬಾರದು. ಅವನ ಮಿದುಳಿನ ಕೋಶ ಸತ್ತಿದೆಯಾ, ಇದೆಯಾ? ಅಕ್ಕ ಇದನ್ನು ನನ್ನ ಹತ್ತಿರ ಕೇಳುತ್ತಾಳೆ.


ನಿವೃತ್ತ ಮಾಷ್ಟ್ರು, ಬದಿಯಡ್ಕ | ಮಂಗಳವಾರ, ರಾತ್ರಿ 9.30

ತಮ್ಮಾ, ಅಂಥ ಮನೆಯ ಮಕ್ಕಳು ನನ್ನ ಶಾಲೆಗೂ ಬಂದಿದ್ದಾರೆ. ಒಬ್ಬ ಹುಡುಗನ ಬಗ್ಗೆ ನೋಡದೆ ಹೇಳುವುದು ತಪ್ಪು. ಎಂಡೋಸಲ್ಫಾನ್ ಏನು ಮಾಡುತ್ತದೆ ಎಂಬುದಷ್ಟು ಹೇಳುತ್ತೇನೆ.

ನರಕೋಶಗಳಿಗೆ ‘ಸಾಕು, ಸುಮ್ಮನಿರು’ ಎಂದು ಹೇಳುವ ಒಂದು ರಾಸಾಯನಿಕ ಉಂಟು, ಗಾಬಾ. ಅದು ಪೊರೆಯ ಒಂದು ಬಾಗಿಲು ತೆರೆದು ಕ್ಲೋರೈಡನ್ನು ಒಳಗೆ ಬಿಡುತ್ತದೆ, ಕೋಶ ಶಾಂತವಾಗುತ್ತದೆ. ಎಂಡೋಸಲ್ಫಾನ್ ಹೋಗಿ ಆ ಬಾಗಿಲನ್ನೇ ಮುಚ್ಚುತ್ತದೆ. ಕೋಶ ಸುಮ್ಮನಿರುವುದೇ ಇಲ್ಲ. ಫಿಟ್ಸ್ ಬರುವುದು ಹಾಗೆ. ಅಂದರೆ ಇಲ್ಲಿ ಮೊದಲ ಪೆಟ್ಟು ಸಾವಲ್ಲ. ಬದುಕಿರುವ ಕೋಶದ ಮಾತುಕತೆಯೇ ಕೆಟ್ಟುಹೋಗುತ್ತದೆ. ಫಿಟ್ಸ್ ಹೆಚ್ಚು ಹೊತ್ತು ನಿಲ್ಲದಿದ್ದರೆ ಮಾತ್ರ ಕೋಶಗಳು ದಣಿದು ಸಾಯಲೂಬಹುದು. ಅದಕ್ಕೇ ಫಿಟ್ಸಿನ ಮಾತ್ರೆ ಒಂದು ದಿನವೂ ತಪ್ಪಬಾರದು. ಫಿಟ್ಸ್ 5 ನಿಮಿಷ ದಾಟಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ನಿಮ್ಮ ಅಕ್ಕನಿಗೆ ಹೇಳಿ, ಹುಡುಗನ ಮಿದುಳಿನಲ್ಲಿ ಬದುಕಿರುವ ಕೋಶಗಳೇ ಹೆಚ್ಚು. ಅವನು ಅಮ್ಮನ ಮುಖ ನೋಡಿ ನಗುವುದು ಅವುಗಳಿಂದಲೇ.


ಎಣ್ಮಕಜೆಯಿಂದ | ಮಂಗಳವಾರ, ರಾತ್ರಿ 9.50

ಓದಿ ಹೇಳಿದೆ. ಅವಳು ಅತ್ತಳು. ಧನ್ಯವಾದ ಮಾಷ್ಟ್ರೇ.


ಪೆರ್ಲದಿಂದ | ಗುರುವಾರ, ಸಂಜೆ 6.20

ಎರಡು ದಿನ ಬರಲಾಗಲಿಲ್ಲ. ನಿನ್ನೆ ಇಲ್ಲಿನ ಆರೋಗ್ಯ ಕೇಂದ್ರದಲ್ಲಿ ಡ್ರೆಸ್ಸಿಂಗ್ ಬದಲಿಸಿದರು. ಇಷ್ಟು ದಿನ ನಾನು ಮುಖ ತಿರುಗಿಸುತ್ತಿದ್ದೆ. ನಿನ್ನೆ ನೋಡಿದೆ. ಬೆರಳು ತೆಗೆದ ಜಾಗದಲ್ಲಿ ಕೆಂಪಾಗಿ, ಸಣ್ಣ ಸಣ್ಣ ಕಾಳು ಹರಡಿದ ಹಾಗೆ ಬಂದಿದೆ. ಹತ್ತಿ ತಾಗಿದರೆ ರಕ್ತ ಒಸರುತ್ತದೆ. ನನಗೆ ಹೆದರಿಕೆ ಆಯಿತು. ನರ್ಸ್ ಮಾತ್ರ ನಗುತ್ತಾ ‘ನಲ್ಲದಾಣ್’ ಎಂದರು. ಅದು ಒಳ್ಳೆಯದೇ ಹೌದಾ ಅಕ್ಕ? ಮತ್ತೆ ಆ ‘ಮಾರ್ಜಿನ್ ವಯಬಲ್’ ಎಂಬುದರ ಅರ್ಥ ಇನ್ನೂ ಯಾರೂ ಹೇಳಲಿಲ್ಲ.


ಕುಂಬಳೆ ಲ್ಯಾಬ್ ಅಕ್ಕ | ಗುರುವಾರ, ರಾತ್ರಿ 7.45

ಒಳ್ಳೆಯದೇ ತಮ್ಮಾ. ಆ ಕೆಂಪು ಕಾಳುಗಳು ಹೊಸ ರಕ್ತನಾಳದ ಕುಡಿಗಳು. ಅವುಗಳ ಸುತ್ತ ನಾರಿನ ಕೋಶಗಳು ಸೇರಿ ಗಾಯ ತುಂಬುತ್ತಿವೆ. ರಕ್ತ ಒಸರುತ್ತದೆ ಎಂದರೆ ಅಲ್ಲಿಯವರೆಗೆ ರಕ್ತ ಬರುತ್ತಿದೆ. ಬೂದು ಬಣ್ಣವಾದರೆ, ವಾಸನೆ ಬಂದರೆ, ಕಾಲು ಊದಿದರೆ ಕಾಯಬೇಡಿ.

ಮಾರ್ಜಿನ್ ಎಂದರೆ ಡಾಕ್ಟರ್ ಕೊಯ್ದ ಅಂಚು. ಆ ಅಂಚಿನಿಂದ ನನ್ನಂಥವರೇ ಯಾರೋ ಒಂದು ಚೂರು ಕೊಯ್ದು ಸ್ಲೈಡ್ ಮಾಡಿರುತ್ತಾರೆ. ವಯಬಲ್ ಎಂದರೆ ಅಲ್ಲಿ ಕೋಶಗಳ ನಡುವೆ ನೀಲಿ ಚುಕ್ಕೆ ಇತ್ತು.

ಗಾಯ ಪೂರ್ತಿ ಒಣಗಿದ ಮೇಲೆ ಎಂಸಿಆರ್ ಎಂಬ ಮೆತ್ತನೆ ರಬ್ಬರಿನ ಚಪ್ಪಲಿ ಮಾಡಿಸಿ. ಅಂಗಡಿಯಲ್ಲಿ ನೇತುಹಾಕಿದ್ದನ್ನು ತರಬೇಡಿ. ಅಪ್ಪನನ್ನೇ ಕರೆದುಕೊಂಡು ಹೋಗಿ, ಎರಡೂ ಕಾಲಿನ ಅಳತೆ ಕೊಡಿ. ಬೆರಳಿಲ್ಲದ ಕಡೆ ಭಾರ ಪಕ್ಕಕ್ಕೆ ವಾಲುತ್ತದೆ, ಹೊಸ ಗಾಯ ಆಗುವುದು ಅಲ್ಲಿಯೇ.


ಪೆರ್ಲದಿಂದ | ಗುರುವಾರ, ರಾತ್ರಿ 8.10

ಆಯಿತು ಅಕ್ಕ. ಅಪ್ಪನಿಗೆ ಓದಿ ಹೇಳಿದೆ. ಚಪ್ಪಲಿ ಹಾಕಿ ತೋಟಕ್ಕೆ ಇಳಿಯುವುದು ಹೇಗೆ, ಕೆಸರಲ್ಲಿ ಜಾರುತ್ತದಲ್ಲ ಎಂದು ಕೇಳುತ್ತಿದ್ದಾರೆ. ಹಿಂದಕ್ಕೆ ಪಟ್ಟಿ ಇರುವುದು ಸಿಗುತ್ತದಾ?